ಅವನು ಕೈ ತೋರಿಸಿದನೇ?

ಎದುರಿನಿಂದ ಕಾರು ಬರುತ್ತಿದೆ. ಓಡಿಸುವವನು ನಿಮಗೆ ಗುರುತಿನವನು. ಕಿಟಕಿಯಿಂದ ಕೈ ಹೊರಗೆ ಹಾಕುತ್ತಾನೆ. ನೀವು ಏನು ಮಾಡುತ್ತೀರಿ?

ನೀವೂ ಕೈ ಎತ್ತುತ್ತೀರಿ. ಎತ್ತದಿದ್ದರೆ ಈ ಊರಲ್ಲಿ ಬಾಳುವುದು ಹೇಗೆ? ‘ಪೇಪರಿನಲ್ಲಿ ಹೆಸರು ಬರ್ತದಲ್ಲ, ಈಗ ನಮ್ಮಂಥವರೆಲ್ಲ ಕಣ್ಣಿಗೆ ಕಾಣೂದಿಲ್ಲ’ ಎಂದು ಸಂಜೆಯೊಳಗೆ ಶಿರಸಿಯ ದೇವಿಕೆರೆಯ ಸುತ್ತ ಸುದ್ದಿಯಾಗುತ್ತದೆ. ಹಾಗಾಗಿ ನಾನೂ ಎತ್ತಿದೆ. ಎತ್ತಿದ ಕೈ ಕೆಳಗಿಳಿಯುವ ಮೊದಲೇ ಗಟಾರದಲ್ಲಿದ್ದೆ.

ನಡುವೆ ಮೂರು ವಾರ ಈ ಅಂಕಣ ಏಕೆ ಬರಲಿಲ್ಲ ಎಂದು ಕಾಗದ ಬರೆದವರಿಗೆ ಇದೇ ಉತ್ತರ. (ಬರದಿದ್ದುದಕ್ಕೆ ಸಂತೋಷಪಟ್ಟು ಕಾಗದ ಬರೆದ ಯಲ್ಲಾಪುರದ ಮಹನೀಯರಿಗೂ ಇದೇ ಉತ್ತರ.) ಬಲಗೈ ಮಣಿಕಟ್ಟು ಉಳುಕಿತ್ತು. ಆಮೇಲೆ ಕೈ ಸರಿಯಾಯಿತು, ಆದರೆ ಈ ವಿಷಯ ಬರೆಯಲು ವಕೀಲರ ಅಪ್ಪಣೆ ಇರಲಿಲ್ಲ. ಈಗ ಸಿಕ್ಕಿದೆ. ‘ನಡೆದದ್ದು ಬರಿ, ತೀರ್ಪು ಬರೀಬೇಡ’ ಎಂಬ ಷರತ್ತಿನ ಮೇಲೆ.

ನನ್ನ ಮಣಿಕಟ್ಟಿನದು ದೊಡ್ಡ ಸಂಗತಿಯಲ್ಲ. ಅದು ಎಣ್ಣೆ ತಿಕ್ಕಿದರೆ ಹೋಗುವಂಥದ್ದು. ನಾನು ಹೇಳಬೇಕಾದದ್ದು ಬಸಣ್ಣನ ಕಾಲಿನ ಕತೆ. ಆ ಕಾಲು ಮುರಿದದ್ದು ಟ್ಯಾಕ್ಸಿಯಿಂದ. ಆದರೆ ಮುರಿದ ಕಾಲಿಗೆ ಸಿಗಬೇಕಾದ ಪರಿಹಾರ ಕೈತಪ್ಪುವ ಹಾಗೆ ಮಾಡಿದವನು ನಾನು. ಅದೂ ಒಂದೇ ಒಂದು ಮಾತಿನಿಂದ!

ಬಸಣ್ಣ ಅಂದರೆ ಬನವಾಸಿಯ ಬಸವಣ್ಣೆಪ್ಪ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಹೊಲಿಗೆ ಮಶಿನ್ನುಗಳ ಡಾಕ್ಟರು. ಮಿಲಿಟರಿ ಲಿಲಾವಿನಲ್ಲಿ ಹರಾಜು ಕೂಗಿ ಹಿಡಿದ ಹಳೆಯ ಮೋಟರ್ ಸೈಕಲ್ ಒಂದಿದೆ. ಅದರ ಸಪ್ಪಳ ಊರ ಹೊರಗೆ ಕೇಳಿದ ಕೂಡಲೇ ಹೆಂಗಸರು ಮಶಿನ್ ಮೇಲೆ ರಾಶಿ ಬಿದ್ದ ಬಟ್ಟೆ ತೆಗೆದು, ಧೂಳು ಒರೆಸಿ, ಅದು ದಿನವೂ ಹಾಗೇ ಇರುತ್ತದೆ ಎಂಬಂತೆ ನಿಲ್ಲುತ್ತಾರೆ.

ಅವನು ಮಶಿನ್ ನೋಡುವ ರೀತಿಯೇ ಬೇರೆ. ಬಂದವನೇ ಸ್ಕ್ರೂ ಡ್ರೈವರ್ ತೆಗೆಯುವುದಿಲ್ಲ. ಸ್ಟೂಲಿನ ಮೇಲೆ ಕೂರುತ್ತಾನೆ. ಚಪ್ಪಲಿ ಬಿಡುತ್ತಾನೆ. ಬರಿ ಬಲಗಾಲನ್ನು ಪೆಡಲ್ ಮೇಲಿಟ್ಟು ಕಣ್ಣು ಮುಚ್ಚಿ ತುಳಿಯುತ್ತಾನೆ. ಹತ್ತು ಸಲ ತುಳಿದು, ‘ಶಟಲ್‌ದಾಗ ದಾರ ಸಿಕ್ಕೇತ್ರಿ ಅವ್ವಾರ’ ಎನ್ನುತ್ತಾನೆ. ಬಿಚ್ಚಿ ನೋಡಿದರೆ ದಾರ ಸಿಕ್ಕಿರುತ್ತದೆ. ವೈದ್ಯರು ನಾಡಿಯನ್ನು ಬೆರಳಿನಿಂದ ನೋಡುತ್ತಾರೆ, ಇವನು ಅಂಗಾಲಿನಿಂದ ನೋಡುತ್ತಾನೆ. ಅಷ್ಟೇ ವ್ಯತ್ಯಾಸ.

ಆ ದಿನ ಉಮ್ಮಚಗಿಯ ಶಾಲೆಯಲ್ಲಿ ನನ್ನದೊಂದು ಭಾಷಣವಿತ್ತು. ಬಸ್ಸು ತಪ್ಪಿತ್ತು. (ಹೆಂಡತಿಯ ಪ್ರಕಾರ ಬಸ್ಸು ತಪ್ಪಲಿಲ್ಲ, ನಾನು ತಪ್ಪಿಸಿಕೊಂಡೆ.) ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನಿಗೆ ಬೈಯುತ್ತಿದ್ದಾಗ ಬಸಣ್ಣ ಬಂದ. ಅದೇ ಊರಿನ ಹೊಲಿಗೆ ಕ್ಲಾಸಿನಲ್ಲಿ ಎರಡು ಮಶಿನ್ ಕೆಟ್ಟು ಕೂತಿದ್ದವಂತೆ.

‘ಬಸ್ ಹೋತಲ್ರಿ ಹೆಗಡೇರ. ಬರ್ರಿ, ಹಿಂದ ಕೂಡ್ರಿ. ಭಾಷಣಕ್ಕ ಮೊದ್ಲು ನಿಮ್ಮನ್ನ ಇಳಸ್ತೇನಿ.’

ಇಳಿಸಿದ. ಸ್ವಲ್ಪ ಮೊದಲೇ ಇಳಿಸಿದ.

ಭೈರುಂಬೆಯ ಹತ್ತಿರ ಎಡಕ್ಕೆ ಒಂದು ಮಣ್ಣಿನ ರಸ್ತೆ ಕವಲೊಡೆಯುತ್ತದೆ. ನಾವು ಅಲ್ಲಿಗೆ ಬರುವಾಗ ಎದುರಿನಿಂದ ಕರಿಯ ಟ್ಯಾಕ್ಸಿ ಬಂತು. ಓಡಿಸುತ್ತಿದ್ದವ ಸಿದ್ದಾಪುರದ ಮಾದೇವ. ಶಿರಸಿ ಪೇಟೆಯಲ್ಲಿ ಅವನ ಟ್ಯಾಕ್ಸಿ ಹತ್ತದವರಿಲ್ಲ. ನನ್ನ ತಂಗಿಯ ಮದುವೆಗೆ ಗಂಡಿನ ದಿಬ್ಬಣ ತಂದವನೂ ಅವನೇ. ಅವನ ಹೆಂಡತಿಯ ಹೊಲಿಗೆ ಮಶಿನ್ ರಿಪೇರಿ ಮಾಡಿದವನು ಬಸಣ್ಣನೇ.

ಮಾದೇವನ ಬಲಗೈ ಕಿಟಕಿಯಿಂದ ಹೊರಗೆ ಬಂತು.

ಬಸಣ್ಣ ನಕ್ಕು ಬಲಗೈ ಎತ್ತಿದ. ಹಿಂದೆ ಕೂತ ನಾನೂ ಎತ್ತಿದೆ. ಟ್ಯಾಕ್ಸಿ ಸೀದಾ ನಮ್ಮ ಮುಂದೆ ಅಡ್ಡ ತಿರುಗಿ ಮಣ್ಣಿನ ರಸ್ತೆಗೆ ಇಳಿಯಿತು. ಅಂದರೆ, ಇಳಿಯಬೇಕಿತ್ತು. ಅಷ್ಟರಲ್ಲಿ ನಾವು ಅದರ ಎಡ ಬಾಗಿಲಿಗೆ ಹೋಗಿ ಬಡಿದೆವು. ನಾನು ಎಡಕ್ಕೆ ಹಾರಿದೆ. ಗಾಡಿ ಬಲಕ್ಕೆ ಮಗುಚಿತು. ಬಸಣ್ಣನ ಬಲಗಾಲು ಅದರ ಅಡಿಗೆ ಸಿಕ್ಕಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾದೇವ ಓಡಿಹೋಗಲಿಲ್ಲ. ಗಾಡಿ ಎತ್ತಿದವನು ಅವನು. ಬಸಣ್ಣನನ್ನು ಮಗುವಿನಂತೆ ಹಿಂದಿನ ಸೀಟಿನ ಮೇಲೆ ಮಲಗಿಸಿದವನು ಅವನು. ಪೆಟ್ಟು ಬಿದ್ದವನನ್ನು ಆಸ್ಪತ್ರೆಗೆ ಸೇರಿಸುವುದು ಡ್ರೈವರನ ಕರ್ತವ್ಯ ಎಂದು ಕಾಯ್ದೆಯಲ್ಲಿದೆಯಂತೆ. ಮಾದೇವ ಕಾಯ್ದೆ ಓದಿದವನಲ್ಲ. ಶಿರಸಿಯ ತನಕ ‘ತಪ್ಪಾಯ್ತ್ರಾ, ತಪ್ಪಾಯ್ತ್ರಾ’ ಎನ್ನುತ್ತಲೇ ಇದ್ದ.

ಅವತ್ತೇ ಸಂಜೆ ಹವಾಲ್ದಾರರು ಆಸ್ಪತ್ರೆಗೆ ಬಂದರು. ಜವಾಬು ಬರೆದುಕೊಳ್ಳಲು. (ಪೋಲೀಸರಿಗೆ ಕೊಡುವ ಹೇಳಿಕೆಗೆ ನಮ್ಮಲ್ಲಿ ಈಗಲೂ ಇದೇ ಹೆಸರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಹವಾಲ್ದಾರರ ಶಬ್ದಗಳು ಇನ್ನೂ ವರ್ಗವಾಗಿಲ್ಲ.) ಬಸಣ್ಣನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಹಾಗಾಗಿ ಮೊದಲು ಹೇಳಿದವನು ನಾನು.

‘ಮುಂದೆ ಎಂತಾಯ್ತು?’

‘ಮಾದೇವ ಕೈ ತೋರಿಸಿದ. ನಾವೂ ಕೈ ತೋರಿಸಿದೆವು. ಅವನು ತಿರುಗಿಸಿದ.’

ಬರೆದರು. ಓದಿ ಹೇಳಿದರು. ನಾನು ಕಾಗದ ತೆಗೆದುಕೊಂಡು ನೋಡಿದೆ. ‘ತೊರಿಸಿದ’ ಎಂದು ಬರೆದಿದ್ದರು. ಸುಮ್ಮನಿರಬೇಕಲ್ಲವೇ ನಾನು? ‘ತೋರಿಸಿದ’ ಅಂತ ತಿದ್ದಿಸಿದೆ! ನೋವಿನಲ್ಲೂ ಕನ್ನಡ ಬಿಟ್ಟುಕೊಡಲಿಲ್ಲ ಎಂಬ ಹೆಮ್ಮೆ ಬೇರೆ.

ನಾಲ್ಕು ದಿನ ಬಿಟ್ಟು ವಕೀಲ ಭಾವನ ಕಚೇರಿಗೆ ಹೋದೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಮೂಲ ಊರು ದೊಡ್ಮನೆ, ವಕೀಲಿ ಶಿರಸಿಯಲ್ಲಿ. ನಡೆದದ್ದನ್ನೆಲ್ಲ ಕೇಳಿದರು. (ಅವರಿಗೆ ನಾನೂ ಭಾವನೇ. ನಮ್ಮ ಮನೆಮಾತಿನಲ್ಲಿ ‘ಹೇಳಿ’ ಅಂದರೆ ‘ಎಂದು’.)

‘ಜವಾಬಲ್ಲಿ ಎಂತ ಬರೆಸಿದ್ದೆ ಭಾವ?’

ಹೇಳಿದೆ. ಕಾಗುಣಿತ ತಿದ್ದಿಸಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಕೈ ತೋರಿಸಿದ ಹೇಳಿ ನಿನ್ನ ಬಾಯಲ್ಲೇ ಬಂತನ? ಹಂಗಾರೆ ಬಸಣ್ಣಂಗೆ ಎಂತದೂ ಸಿಕ್ಕದು ಕಷ್ಟ ಇದ್ದು.’

‘ಎಂತಕ್ಕೆ?’

‘ಕಾಯ್ದೆಲಿ ಕೈ ತೋರ್ಸದಕ್ಕೆ ಒಂದೇ ಅರ್ಥ. ತಿರುಗ್ತಾ ಇದ್ದೆ, ತಡಿ ಹೇಳಿ. ಅಂವ ಸಿಗ್ನಲ್ ಕೊಟ್ಟ. ನಿಂಗ ಇಬ್ರೂ ಕಂಡಿದ್ರಿ. ಕಂಡೂ ನುಗ್ಗಿದ್ರಿ. ಇನ್ಶುರೆನ್ಸಿನ ವಕೀಲ ಇದ್ನೇ ಗಟ್ಟಿ ಹಿಡ್ಕತ್ತ.’

ಕೈ ತೋರಿಸುವುದಕ್ಕೆ ಒಂದೇ ಅರ್ಥವೇ? ನಾವು ವೈದ್ಯರಿಗೆ ಕೈ ತೋರಿಸುತ್ತೇವೆ. ಜೋಯಿಸರಿಗೆ ಕೈ ತೋರಿಸುತ್ತೇವೆ. ಬಸ್ಸು ನಿಲ್ಲಲಿ ಎಂದು ಕೈ ತೋರಿಸುತ್ತೇವೆ, ಅದು ನಿಲ್ಲದೆ ಹೋದಾಗ ಬೇರೆ ರೀತಿಯಲ್ಲಿ ಕೈ ತೋರಿಸುತ್ತೇವೆ. ಗುರುತಿನವರು ಕಂಡರೆ ಕೈ ತೋರಿಸುತ್ತೇವೆ. ಇಷ್ಟೆಲ್ಲ ಅರ್ಥವಿರುವ ಮಾತನ್ನು ಪೋಲೀಸ್ ಕಾಗದದ ಮೇಲೆ ಬರೆಸುವ ಮೊದಲು ಒಂದು ಕ್ಷಣ ಯೋಚಿಸಬೇಡವೇ? ಮಾತು ಮಾರಿ ಬದುಕುವವನು ನಾನು. ನನ್ನ ಮಾತು ಕೆಟ್ಟರೆ ಬಸಣ್ಣನ ಕಾಲಿಗೆ ಏಕೆ ಶಿಕ್ಷೆ?

ಭಾವ ಅಲ್ಲಿಗೇ ಬಿಡಲಿಲ್ಲ. ಬಸಣ್ಣನ ಮುಂದಿರುವ ದಾರಿಗಳನ್ನು ಬಿಡಿಸಿ ಹೇಳಿದರು. ಗಾಡಿ ಓಡಿಸುವ ಓದುಗರು ಸ್ವಲ್ಪ ಕಿವಿ ಕೊಡಬೇಕು.

ಪೋಲೀಸರು ಹಾಕುವ ಕೇಸು ಒಂದು. ಅದು ಸರಕಾರಕ್ಕೂ ಡ್ರೈವರನಿಗೂ ನಡುವಿನದು. ಮ್ಯಾಜಿಸ್ಟ್ರೇಟರು ದಂಡ ಹಾಕಬಹುದು, ಹಾಕದೆಯೂ ಇರಬಹುದು. ಅದರಿಂದ ಬಸಣ್ಣನ ಕಾಲಿಗೆ ಏನೂ ಬರುವುದಿಲ್ಲ. ಮೊದಲಾಗಿದ್ದರೆ ಪರಿಹಾರಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಮಗ ದೊಡ್ಡವನಾಗುವ ತನಕ ಅಲೆಯಬೇಕಿತ್ತು. ಈಗ ಕಾಯ್ದೆ ತಿದ್ದಿದ್ದಾರೆ. ಮೋಟಾರು ಅಪಘಾತಕ್ಕೆಂದೇ ಟ್ರಿಬ್ಯೂನಲ್ ಎಂಬುದು ಬಂದಿದೆ. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿಕೊಳ್ಳಬಹುದು. ಆದರೆ ಅಪಘಾತವಾದ ಅರವತ್ತು ದಿನದೊಳಗೆ ಹಾಕಬೇಕು. ಆಸ್ಪತ್ರೆಯಲ್ಲಿ ಮಲಗಿದವನಿಗೆ ಅರವತ್ತು ದಿನ ಎಂದರೆ ಎಷ್ಟು? ಮಗ್ಗುಲು ಬದಲಿಸುವುದರೊಳಗೆ ಮುಗಿದಿರುತ್ತದೆ.

‘ಮತ್ತೊಂದು ಸಂಗತಿ ಇದ್ದು’ ಎಂದರು ಭಾವ. ‘ಸಿಗ್ನಲ್ ಕೊಟ್ಟಿದ್ರೂ ಅಡ್ಡ ತಿರುಗವ ಎದುರು ಬಪ್ಪವಂಗೆ ದಾರಿ ಬಿಡವು. ಕೈ ತೋರ್ಸದು ಅಂದ್ರೆ ದಾರಿ ಕೇಳದು ಭಾವ, ದಾರಿ ತಗಳದಲ್ಲ.’

ಅಡ್ಡ ತಿರುಗುವವನೇ ದಾರಿ ಬಿಡಬೇಕು: ಅದನ್ನು ನಾನು ಬರೆದಿಟ್ಟುಕೊಂಡೆ. ನೀವೂ ಬರೆದಿಟ್ಟುಕೊಳ್ಳಿ. ಸ್ಟಿಯರಿಂಗ್ ಹಿಡಿಯುವ ಭಾವಂದಿರು, ಮಾವಂದಿರು ಇದ್ದರೆ ಓದಿ ಹೇಳಿ.

ಆದರೆ ಅರ್ಜಿ ಹಾಕಬೇಕಾದವನು ಒಪ್ಪಬೇಕಲ್ಲ? ಆಸ್ಪತ್ರೆಗೆ ಹೋದರೆ ಬಸಣ್ಣನ ತಲೆದಿಂಬಿನ ಪಕ್ಕ ಬಾಳೆಹಣ್ಣಿನ ಚಿಪ್ಪು. ಅದರ ಅಡಿಯಲ್ಲೊಂದು ಕಾಗದ. ಟ್ಯಾಕ್ಸಿಯ ಮಾಲಕರ ಗುಮಾಸ್ತರು ಬಂದು ಯೋಗಕ್ಷೇಮ ವಿಚಾರಿಸಿ, ಎರಡನ್ನೂ ಇಟ್ಟು ಹೋಗಿದ್ದರು. ‘ನಮ್ಮೊಳಗೆ ರಾಜಿಯಾಗಿದೆ, ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆದಿತ್ತು. ಬಸಣ್ಣ ಪೆನ್ನು ಕೇಳುತ್ತಿದ್ದ.

‘ಮಾದೇವನ ಹೊಟ್ಟಿ ಮ್ಯಾಲ ಹೊಡೆಯೋದು ಬ್ಯಾಡ್ರಿ ಹೆಗಡೇರ. ನಂದೂ ತಪ್ಪೈತಿ. ಹ್ಯಾಂಡಲ್ ಬಿಟ್ಟು ಕೈ ಎತ್ತಿದ್ನೆಲ್ಲ?’

‘ಅಲ್ಲ ಮಾರಾಯ, ಎಡಗೈ ಎತ್ತಬೇಕಿತ್ತು. ಬಲಗೈಯಲ್ಲೇ ಅಲ್ಲವೇ ಆಕ್ಸಿಲರೇಟರು, ಬ್ರೇಕು ಎಲ್ಲ ಇರುವುದು?’

ಅವನು ನನ್ನನ್ನು ಪೆಕರನನ್ನು ನೋಡುವಂತೆ ನೋಡಿದ.

‘ಕೈ ಮಾಡಿದ ಮನಿಶ್ಯಾಗ ಎಡಗೈ ಮಾಡಾಕ ಬರ್ತೈತೇನ್ರಿ?’

ಏನು ಉತ್ತರ ಕೊಡುತ್ತೀರಿ? ಎಡಗೈಯಲ್ಲಿ ನಮಸ್ಕಾರ ಮಾಡುವುದು ನನಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಮೋಟರ್ ಸೈಕಲ್ ಮಾಡಿದ ಇಂಗ್ಲಿಷರಿಗೆ ಬನವಾಸಿಯ ಮರ್ಯಾದೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬ್ರೇಕನ್ನು ಎಡಗಡೆ ಇಡುತ್ತಿದ್ದರು.

ನಾನು ರಾಜಿಯ ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಬಾಳೆಹಣ್ಣು ಇಬ್ಬರೂ ತಿಂದೆವು. ಪರಿಹಾರ ಕೊಡಬೇಕಾದದ್ದು ಮಾದೇವನಲ್ಲ, ಇನ್ಶುರೆನ್ಸ್ ಕಂಪನಿ ಎಂದು ಎರಡೆರಡು ಸಲ ಹೇಳಿದೆ. ಇಂಥ ದಿನಕ್ಕೆಂದೇ ಟ್ಯಾಕ್ಸಿಗೆ ವಿಮೆ ಮಾಡಿಸುವುದು ಎಂದೆ. ಅವನು ಕೇಳಿದ. ಕೇಳಿ, ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತ ಹೇಳಿದ:

‘ಇದು ಸೆಟದು ನಿಂತರ ಪೆಡಲ್ ತುಳಿಯಾಕ ಬರೂದಿಲ್ರಿ. ಮಶಿನ್ ಒಳಗ ಏನಾಗೇತಿ ಅಂತ ನನಗ ಯಾರು ಹೇಳ್ಬೇಕು?’

ಡಾಕ್ಟರು ಆಗಲೇ ಹೇಳಿದ್ದರು. ಕಾಲು ಕೂಡಿಕೊಳ್ಳುತ್ತದೆ, ಆದರೆ ಪಾದದ ಕೀಲು ಮೊದಲಿನ ಹಾಗೆ ಮಡಚುವ ಭರವಸೆ ಇಲ್ಲ. ನಾನು ಆ ದಿನ ಮನೆಗೆ ಬಂದು ಖುರ್ಚಿಯಲ್ಲಿ ಕೂತೆ. ಊಟ ಸೇರಲಿಲ್ಲ. ಹೇಳಿಕೆಯಲ್ಲಿ ನನ್ನ ಮಾತು ಕೂತಿದೆ, ದೀರ್ಘ ಸಮೇತ. ಅರ್ಜಿ ಹಾಕಿದರೂ ಅದು ಎದ್ದು ಬಂದು ಬಸಣ್ಣನ ಕಾಲೆಳೆಯುತ್ತದೆ.

ಊಟ ಸೇರದಿದ್ದರೂ ಎಲೆಯಡಿಕೆಯ ಕವಳ ಸೇರುತ್ತದೆ. ಎಲೆಗೆ ಸುಣ್ಣ ಹಚ್ಚಿದೆ. ಮಡಚಿ ಬಾಯಿಗಿಟ್ಟೆ. ಬೆರಳಿಗೆ ಉಳಿದ ಸುಣ್ಣವನ್ನು ಎಲ್ಲರೂ ಮಾಡುವಂತೆ ಖುರ್ಚಿಯ ಬದಿಗೆ ಒರೆಸಿದೆ.

‘ಎಷ್ಟು ಸಲ ಹೇಳದು? ಆ ಸುಣ್ಣದ ಕೈ ಖುರ್ಚಿಗೆ ಒರ್ಸಡಿ ಹೇಳಿ!’

ಹೆಂಡತಿಯ ಈ ಮಾತನ್ನು ಮದುವೆಯಾದಂದಿನಿಂದ ಕೇಳುತ್ತಿದ್ದೇನೆ. ಆದರೆ ಆ ದಿನ ಬೆರಳು ಅಲ್ಲೇ ನಿಂತಿತು. ಮಾದೇವನ ಕೈ ಕಣ್ಣಿಗೆ ಕಟ್ಟಿತು. ಆ ಕೈ ಬೀಸಲಿಲ್ಲ. ನೆಟ್ಟಗೆ ಚಾಚಿಕೊಳ್ಳಲೂ ಇಲ್ಲ. ಕಿಟಕಿಯಿಂದ ಹೊರಗೆ ಬಂದು ಕೆಳಗೆ ಬಾಗಿತು. ಒಂದು ಬೆರಳು ಮಾತ್ರ ಮುಂದಿತ್ತು. ಅವನ ದವಡೆ ಆಡುತ್ತಿತ್ತು. ಮುಖ ನಮ್ಮ ಕಡೆ ಇರಲೇ ಇಲ್ಲ. ಕಣ್ಣು ಮಡಿಲಿನ ಮೇಲಿತ್ತು.

ಅಯ್ಯೋ ದೇವರೇ. ಅವನು ಸುಣ್ಣ ಒರೆಸುತ್ತಿದ್ದ!

ನಮಸ್ಕಾರವೂ ಅಲ್ಲ, ಸಿಗ್ನಲ್ಲೂ ಅಲ್ಲ. ಮಾದೇವನ ಟ್ಯಾಕ್ಸಿ ಹತ್ತಿದವರೆಲ್ಲ ನೆನಪು ಮಾಡಿಕೊಳ್ಳಿ. ಡ್ರೈವರನ ಬಾಗಿಲಿನ ಹೊರಮೈ ನೋಡಿದ್ದೀರಲ್ಲವೇ? ಕರಿಯ ಬಣ್ಣದ ಮೇಲೆ ಬಿಳಿಯ ಗೀರುಗಳು. ವರ್ಷಗಟ್ಟಲೆ ಒರೆಸಿದ ಸುಣ್ಣ. ಅದು ಅಲ್ಲಿರುವ ತನಕ ನನ್ನ ಮಾತಿಗೆ ಸಾಕ್ಷಿ ಇದೆ.

ಮರುದಿನ ಬೆಳಿಗ್ಗೆಯೇ ಸ್ಟ್ಯಾಂಡಿಗೆ ಓಡಿದೆ. ಟ್ಯಾಕ್ಸಿ ಇತ್ತು. ಮೋಟಾರು ತಪಾಸಣೆಯಾಗಿ ಮಾಲಕರ ಕೈ ಸೇರಿತ್ತು. ಎಡ ಬಾಗಿಲು ನಗ್ಗಿದ್ದು ನಗ್ಗಿದ ಹಾಗೇ ಇತ್ತು. ಬಲ ಬಾಗಿಲು ಮದುಮಗಳ ಹಾಗೆ ಮಿಂಚುತ್ತಿತ್ತು. ಪೆಟ್ಟು ಬಿದ್ದದ್ದು ಎಡ ಬಾಗಿಲಿಗೆ, ಬಣ್ಣ ಬಿದ್ದದ್ದು ಬಲ ಬಾಗಿಲಿಗೆ! ಮಾಲಕರಿಗೆ ಕಾಯ್ದೆ ಹೇಳುವ ಭಾವ ಬೇರೆ ಯಾರೋ ಇರಬೇಕು.

ಮಾದೇವ ನನ್ನ ಮುಖ ನೋಡಲಿಲ್ಲ. ಬಾನೆಟ್ ಒರೆಸುತ್ತ ನಿಂತ.

‘ಮಾದೇವಾ, ಅವತ್ತು ಎಂತ ಮಾಡ್ದೆ ಖರೆ ಹೇಳು.’

‘ಕೈ ತೋರ್ಸಿದ್ದೆ ಅಂತೇ ಹೇಳೂಕೆ ಮಾಲಕ್ರು ಹೇಳೀರು ಒಡೆಯಾ. ನೀವೂ ಹಾಂಗೇ ಬರ್ಸೀರಂತಲ್ರಾ.’

ಹೌದು. ನಾನೂ ಹಾಗೇ ಬರೆಸಿದ್ದೆ. ಅವನ ಸುಳ್ಳಿಗೆ ನನ್ನ ಕಾಗುಣಿತ ಶುದ್ಧವಾದ ಬೆಂಬಲ ಕೊಟ್ಟಿತ್ತು. ಅವನಿಗೂ ಲೈಸನ್ಸ್ ಹೋಗುವ ಭಯ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಬೈಯಲು ಹೋದವನು ಬೈಯದೆ ತಿರುಗಿದೆ.

ಠಾಣೆಗೆ ಹೋದೆ. ಹವಾಲ್ದಾರರಿಗೆ ಹೇಳಿದೆ, ನನ್ನ ಜವಾಬಿನಲ್ಲಿ ಒಂದು ಮಾತು ತಪ್ಪಾಗಿದೆ ಎಂದು. ಅವರು ನೊಂದರು.

‘ನೀವೇ ದೀರ್ಘ ಹಾಕ್ಸಿದ್ದಲ್ದಾ ಹೆಗಡೇರೆ?’

ಠಾಣೆಯ ದೊಡ್ಡ ಸಾಹೇಬರು, ಫೌಜದಾರರು, ಒಳಗಿದ್ದರು. ಧಾರವಾಡದ ಕಡೆಯವರು, ಗಡಸು ಮೀಸೆ. ಎಲ್ಲ ಕೇಳಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಟ್ಯಾಕ್ಸಿ ಸಮೇತ ಮಾದೇವನನ್ನು ಕರೆಸಿದರು. ಬಂದ ಮೇಲೆ ಅಂಗಳದಲ್ಲಿ ಕಾಯಿಸಿದರು. ಒಳಗೆ ಯಾವುದೋ ಫೋನು ಬಂದಿತ್ತು.

ಕಾಯುವ ಮನುಷ್ಯನನ್ನು ಕಂಡರೆ ನಮ್ಮ ಜಿಲ್ಲೆಯವರಿಗೆ ತಡೆಯುವುದಿಲ್ಲ. ಹವಾಲ್ದಾರರು ಅಂಗಿ ಜೇಬಿನಿಂದ ಸಂಚಿ ತೆಗೆದರು. ತಾವು ಹಾಕಿಕೊಂಡರು. ನನಗೆ ಕೊಟ್ಟರು. ಡ್ರೈವರ್ ಸೀಟಿನಲ್ಲಿ ಮುದುಡಿ ಕೂತ ಮಾದೇವನಿಗೂ ಒಂದು ಎಲೆ ಕೊಟ್ಟರು. ಆರೋಪಿಯಾದರೇನು, ಬಾಯಿ ಒಣಗಿರುವುದಿಲ್ಲವೇ? ಮಾದೇವ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿದ.

ಅಷ್ಟರಲ್ಲಿ ಫೌಜದಾರರು ದಡಬಡ ಹೊರಗೆ ಬಂದರು.

‘ಏ ಮಾದೇವ, ಅವತ್ತ ಕೈ ಹ್ಯಾಂಗ ತೋರಿಸಿದಿ? ತೋರಿಸು ನೋಡೋಣು.’

ಮಾದೇವನ ಕೈ ಹೊರಗೆ ಬಂತು. ನೆಟ್ಟಗೆ ಚಾಚಲಿಲ್ಲ. ಬಾಗಿತು. ತೋರುಬೆರಳು ಹೊಸ ಬಣ್ಣದ ಮೇಲೆ ಮೇಲಿನಿಂದ ಕೆಳಕ್ಕೆ ಸರ್ರನೆ ಜಾರಿತು. ಕರಿಯ ಬಾಗಿಲಿನ ಮೇಲೆ ಬೆಳ್ಳಗೆ ಒಂದು ಗೀರು ಮೂಡಿತು.

ಹವಾಲ್ದಾರರು ತಮ್ಮ ಬೆರಳು ನೋಡಿಕೊಂಡು ಮೆಲ್ಲಗೆ ಕಿಸೆಗೆ ಹಾಕಿಕೊಂಡರು. ಅವರು ಒರೆಸಿದ್ದು ಠಾಣೆಯ ಕಂಬಕ್ಕೆ.

ಮಾದೇವ ಆ ಗೀರನ್ನೇ ನೋಡಿದ. ಹಾಗೇ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

‘ಕೈ ತೋರ್ಸಲಿಲ್ರಾ ನಾನು. ಕವಳ ಕಟ್ತಾ ಇದ್ದೆ. ಸುಣ್ಣ ಒರ್ಸಿ ತಿರುಗ್ಸ್ದೆ. ಬಸಣ್ಣೋರು ಬರೂದು ಕಂಡೇ ಇಲ್ಲ. ಕಂಡಿದ್ರೆ ತಿರುಗ್ಸ್ತಿದ್ನಾ ಒಡೆಯಾ?’

ನನಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ದೊಡ್ಡ ಗಂಡಸೊಬ್ಬ ಬಾಯಲ್ಲಿ ಕವಳ ತುಂಬಿಕೊಂಡು ಅಳುವುದನ್ನು ನೀವು ನೋಡಿದ್ದೀರಾ? ನೋಡಬೇಡಿ. ಹವಾಲ್ದಾರರು ನೀರಿನ ತಂಬಿಗೆ ತಂದರು. ನನ್ನ ಹೊಸ ಜವಾಬು ಬರೆದುಕೊಂಡರು. ‘ಕೈ ತೋರಿಸಿದ’ ಎಂಬುದರ ಕೆಳಗೆ, ‘ಕೈ ಹೊರಗೆ ಹಾಕಿದ್ದು ನಿಜ, ನಮಗೆ ನಮಸ್ಕಾರವೆಂದು ತೋರಿತು, ಸಿಗ್ನಲ್ ಆಗಿರಲಿಲ್ಲ’ ಎಂದು ಸೇರಿತು. ಈ ಸಲ ನಾನು ಕಾಗುಣಿತ ನೋಡಲಿಲ್ಲ.

ಅದೇ ಸಂಜೆ ಮಾದೇವ ನನ್ನೊಂದಿಗೆ ಆಸ್ಪತ್ರೆಗೆ ಬಂದ. ಬಾಗಿಲಲ್ಲೇ ನಿಂತ. ಬಸಣ್ಣ ಒಳಗೆ ಕರೆದ. ಮಾದೇವ ಎಲ್ಲ ಹೇಳಿದ. ಬಸಣ್ಣ ಸಿಟ್ಟಾಗಲಿಲ್ಲ. ಆದರೆ ಅವನ ಮುಖ ಸಣ್ಣದಾಯಿತು.

‘ಹಂಗಾರ ನೀ ನನಗ ಕೈ ಮಾಡಿದ್ದಲ್ಲೇನು?’

ಕಾಲು ಮುರಿದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವಾಯಿತು ಎಂದು ನನಗೆ ಅನಿಸಿತು. ಸ್ನೇಹಿತನ ನಮಸ್ಕಾರಕ್ಕೆ ಕಾಲು ಕೊಟ್ಟರೆ ಅದಕ್ಕೊಂದು ಅರ್ಥವಿದೆ. ಸುಣ್ಣದ ಬೆರಳಿಗೆ ಕೊಡುವುದೆಂದರೆ?

ಮಾದೇವನೇ ಕೊನೆಗೆ ಹೇಳಿದ: ‘ಅರ್ಜಿ ಹಾಕ್ರಾ ಬಸಣ್ಣೋರೆ. ನಾನೇ ಬಂದು ಹೇಳ್ತೆ, ಇದ್ದದ್ದು ಇದ್ದ ಹಾಂಗೆ.’

ಐವತ್ತೆರಡನೆಯ ದಿನ ಅರ್ಜಿ ಕಾರವಾರಕ್ಕೆ ಹೋಯಿತು. ಭಾವ ಅದರಲ್ಲಿ ಬಸಣ್ಣ ಹ್ಯಾಂಡಲ್ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. ಯಾರ ತಪ್ಪು ಎಷ್ಟು ಎಂದು ತೂಗುವುದು ನ್ಯಾಯಾಧೀಶರ ಕೆಲಸ, ನಾವೇ ತಕ್ಕಡಿಗೆ ಕೈ ಹಾಕಬಾರದು ಎಂದರು. ಪೋಲೀಸ್ ಕೇಸಿನಲ್ಲಿ ಮಾದೇವ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಲೈಸನ್ಸ್ ಉಳಿಯಿತು. ಮಾಲಕರು ಕೆಲಸದಿಂದ ತೆಗೆಯುತ್ತೇನೆಂದು ಗುಡುಗಿದರು. ಆದರೆ ದೇವಿಮನೆ ಘಟ್ಟವನ್ನು ಅವನಷ್ಟು ಹಗುರಾಗಿ ಇಳಿಸುವ ಡ್ರೈವರು ಸಿಗಬೇಕಲ್ಲ? ಗುಡುಗು ಗುಡುಗಾಗಿಯೇ ಉಳಿಯಿತು.

ಈಗ ಬಸಣ್ಣನ ಪ್ಲಾಸ್ಟರ್ ತೆಗೆದಿದ್ದಾರೆ. ಡಾಕ್ಟರು ಹೇಳಿದ್ದೇ ಆಯಿತು. ಪಾದದ ಕೀಲು ಅರ್ಧ ಮಾತ್ರ ಮಡಚುತ್ತದೆ. ಮೊನ್ನೆ ನಮ್ಮ ಮನೆಗೆ ಬಂದಿದ್ದ. ಹೆಂಡತಿಯ ಮಶಿನ್ ಮುಂದೆ ಕೂತು ಬಲಗಾಲನ್ನು ಪೆಡಲ್ ಮೇಲಿಟ್ಟ. ತುಳಿದ. ಪೆಡಲ್ ಅರ್ಧಕ್ಕೆ ನಿಂತಿತು. ಮತ್ತೆ ತುಳಿದ. ಮತ್ತೆ ನಿಂತಿತು. ಕಾಲು ತೆಗೆದು ಎಡಗಾಲು ಇಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ತುಳಿದ.

‘ಇದಕ್ಕ ಇನ್ನೂ ಏನೂ ತಿಳಿಯವಲ್ದ್ರಿ ಅವ್ವಾರ. ಕಲಸ್ಬೇಕು’ ಎಂದ.

ನನ್ನ ಹೆಂಡತಿ ಏನೋ ನೆಪ ಮಾಡಿ ಒಳಗೆ ಹೋದಳು. ನನ್ನ ಕಣ್ಣಲ್ಲೂ ನೀರು ಬಂತು. ಬರೆಯಲು ನಾಚಿಕೆಯೇನಿಲ್ಲ. ಟ್ರಿಬ್ಯೂನಲ್ ಏನು ಕೊಟ್ಟರೂ ಆ ಅಂಗಾಲನ್ನು ಕೊಡುವುದಿಲ್ಲ. ಎಡಗಾಲು ಕಲಿಯುವ ತನಕ ಮನೆ ನಡೆಯುವಷ್ಟನ್ನಾದರೂ ಕೊಡಲಿ ಎಂಬುದು ನಮ್ಮ ಆಸೆ.

ಅವನನ್ನು ಬಸ್ಸಿಗೆ ಬಿಡಲು ಜೊತೆಗೆ ಹೊರಟೆ. ಬಲಗೈಯಲ್ಲಿ ಊರುಗೋಲು ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದ. ಸ್ಟ್ಯಾಂಡ್ ಹತ್ತಿರ ಬಂದಾಗ ಎದುರಿನಿಂದ ಕರಿಯ ಟ್ಯಾಕ್ಸಿ ಬಂತು. ಮಾದೇವ ಕಿಟಕಿಯಿಂದ ಕೈ ಹೊರಗೆ ಹಾಕಲಿಲ್ಲ. ಕಾರು ನಿಲ್ಲಿಸಿದ. ಎಂಜಿನ್ ಬಂದ್ ಮಾಡಿದ. ಬಾಗಿಲು ತೆಗೆದು ಕೆಳಗಿಳಿದು, ನಡು ರಸ್ತೆಯಲ್ಲಿ ನಿಂತು ಎರಡೂ ಕೈ ಜೋಡಿಸಿದ. ಅವನ ಹಿಂದೆ ನಿಂತ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.

ಬಸಣ್ಣ ನಿಂತ. ಎಡಗೈ ಖಾಲಿಯೇ ಇತ್ತು. ಅದನ್ನೇ ಎತ್ತಬಹುದಿತ್ತಲ್ಲವೇ? ಇಲ್ಲ. ಊರುಗೋಲನ್ನು ಬಲಗೈಯಿಂದ ಎಡಗೈಗೆ ದಾಟಿಸಿದ. ದಾಟಿಸಿ, ನಗುತ್ತ ಬಲಗೈ ಎತ್ತಿದ. ಎತ್ತಿದವನೇ ಬಲಕ್ಕೆ ವಾಲಿದ.

ಈ ಸಲ ಹಿಂದಿದ್ದ ನಾನು ಮಾತ್ರ ಕೈ ಎತ್ತಲಿಲ್ಲ, ಅವನನ್ನು ಹಿಡಿದುಕೊಂಡಿದ್ದೆ.